ಕೆಲಸ ನಿಲ್ಲಿಸಿದ ಫ್ಲ್ಯಾಗ್‌ಗೂ ಮ್ಯಾನುಯಲ್‌ನಲ್ಲಿ ಜಾಗ ಬೇಕು

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಂಪನಿಯ ಕಂಪೈಲರ್ ತಂಡದಲ್ಲಿದ್ದೇನೆ. ಜಿಸಿಸಿ ಎಂಬ ಮುಕ್ತ ಕಂಪೈಲರನ್ನು ಆಧಾರವಾಗಿಟ್ಟುಕೊಂಡು ನಮ್ಮದೇ ಮೈಕ್ರೋಕಂಟ್ರೋಲರ್‌ಗೆ ಸಿ ಕಂಪೈಲರ್ ಮಾಡಿ ಗ್ರಾಹಕರಿಗೆ ಕೊಡುತ್ತೇವೆ. ಮುಂದಿನ ಬಿಡುಗಡೆಗೆ ಮ್ಯಾನುಯಲ್‌ನ ವಾರ್ನಿಂಗ್ ಅಧ್ಯಾಯವನ್ನು ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾವೇ ಸೇರಿಸಿದ ಫ್ಲ್ಯಾಗ್‌ಗಳು, ಅಂದರೆ ಕಂಪೈಲರ್‌ಗೆ ಕೊಡುವ ಆಯ್ಕೆಗಳು, ನಲವತ್ತರ ಹತ್ತಿರ ಇವೆ. ಅವುಗಳಲ್ಲಿ ಹನ್ನೊಂದು ಈಗ ಏನೂ ಮಾಡುವುದಿಲ್ಲ, ಕೊಟ್ಟರೂ ಕಂಪೈಲರ್ ಸುಮ್ಮನಿರುತ್ತದೆ. ‘ಕೆಲಸ ಮಾಡದ್ದು ಮ್ಯಾನುಯಲ್‌ನಲ್ಲಿ ಯಾಕೆ, ತೆಗೆದುಹಾಕಿ’ ಎನ್ನುತ್ತಾರೆ ನಮ್ಮ ಸೀನಿಯರ್. ಉಳಿದವಕ್ಕೂ ಒಂದೊಂದು ಸಾಲು ಸಾಕು ಎಂಬುದು ಅವರ ಅಭಿಪ್ರಾಯ. ಇದು ಸರಿಯೇ? ಒಂದು ವಾರ್ನಿಂಗ್ ಫ್ಲ್ಯಾಗ್ ಬಗ್ಗೆ ನಿಜಕ್ಕೂ ಏನೇನು ಬರೆಯಬೇಕು?

ಉತ್ತರ: ತೆಗೆಯಬೇಡಿ. ನಿಮ್ಮ ಸೀನಿಯರ್ ಮಾತು ಮೇಲ್ನೋಟಕ್ಕೆ ನ್ಯಾಯವಾಗಿಯೇ ಇದೆ. ಇರುವುದನ್ನು ಹೇಳುವ ಪುಸ್ತಕದಲ್ಲಿ ಇಲ್ಲದ್ದನ್ನು ಯಾಕೆ ತುಂಬಬೇಕು ಅನ್ನಿಸುವುದು ಸಹಜ. ಆದರೆ ಆ ಹನ್ನೊಂದು ಫ್ಲ್ಯಾಗ್‌ಗಳು ನಿಮ್ಮ ಕಂಪೈಲರ್‌ನಿಂದ ಹೋಗಿವೆಯೇ ಹೊರತು ಗ್ರಾಹಕರ ಮೇಕ್‌ಫೈಲ್‌ನಿಂದ, ಅಂದರೆ ಬಿಲ್ಡ್ ಮಾಡುವ ಆಜ್ಞೆಗಳಿರುವ ಫೈಲ್‌ನಿಂದ, ಹೋಗಿಲ್ಲ. ಅಲ್ಲಿ ಅವು ಹತ್ತು ವರ್ಷ ಕೂತಿರುತ್ತವೆ. ಬರೆದವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ, ಹೊಸದಾಗಿ ಸೇರಿದ ಹುಡುಗಿಯೋ ಹುಡುಗನೋ ಆ ಸಾಲನ್ನು ನೋಡಿ ‘ಇದೇನು’ ಎಂದು ನಿಮ್ಮ ಮ್ಯಾನುಯಲ್ ತೆರೆಯುತ್ತಾರೆ. ಅವರು ಹುಡುಕುವುದು ಆ ಹಳೆಯ ಹೆಸರನ್ನೇ. ಹೊಸ ಹೆಸರು ಅವರಿಗೆ ಗೊತ್ತಿದ್ದರೆ ಮ್ಯಾನುಯಲ್ ತೆರೆಯುತ್ತಲೇ ಇರಲಿಲ್ಲ.

(ಇಲ್ಲಿ ಫ್ಲ್ಯಾಗ್‌ಗಳ ಹೆಸರನ್ನು, ಅದರ ಆರಂಭದ ಡ್ಯಾಶ್ ಗುರುತು ಬಿಟ್ಟು, ನಾವು ಬಾಯಲ್ಲಿ ಹೇಳಿಕೊಳ್ಳುವ ಹಾಗೆಯೇ ಬರೆಯುತ್ತೇನೆ: ವಾರ್ನಿಂಗ್‌ಗಳನ್ನು ಗುಂಪಾಗಿ ಹಚ್ಚುವ ಡಬ್ಲ್ಯೂ-ಆಲ್ ಮತ್ತು ಡಬ್ಲ್ಯೂ-ಎಕ್ಸ್‌ಟ್ರಾ, ವಾರ್ನಿಂಗನ್ನೇ ಎರರ್ ಆಗಿಸುವ ಡಬ್ಲ್ಯೂ-ಎರರ್, ಹೀಗೆ.)

ನನಗೆ ಈ ವಿಷಯ ಮನಸ್ಸಿಗೆ ಹತ್ತಿದ್ದು ಒಂದು ರಿವ್ಯೂ ದಿನ. ಮೋಟಾರ್ ನಿಯಂತ್ರಕದ ಫರ್ಮ್‌ವೇರ್ ಬರೆಯುವ ತಂಡವೊಂದು ನನ್ನನ್ನು ಕರೆಸಿತ್ತು. ಒಂದು ಫಂಕ್ಷನ್‌ನ ನಡುವೆ, ಯಾರೋ ಪರೀಕ್ಷೆಗೆಂದು ಹಾಕಿದ ರಿಟರ್ನ್ ಸಾಲು ಹಾಗೇ ಉಳಿದುಬಿಟ್ಟಿತ್ತು. ಅದರ ಕೆಳಗಿನ ಐದು ಸಾಲುಗಳು ವಾಚ್‌ಡಾಗ್ ಟೈಮರನ್ನು (ಪ್ರೋಗ್ರಾಂ ಸಿಕ್ಕಿಬಿದ್ದರೆ ಚಿಪ್ಪನ್ನು ಮತ್ತೆ ಶುರು ಮಾಡುವ ಗಡಿಯಾರವನ್ನು) ಮತ್ತೆ ಸಜ್ಜುಗೊಳಿಸುವಂಥವು. ಅವು ಎಂದೂ ಓಡುತ್ತಿರಲಿಲ್ಲ. ‘ಇದನ್ನು ಕಂಪೈಲರ್ ಹೇಳಲಿಲ್ಲವೇ?’ ಎಂದು ಕೇಳಿದೆ. ‘ಹೇಳಬೇಕಿತ್ತು ಸರ್, ನಮ್ಮ ಮೇಕ್‌ಫೈಲ್‌ನಲ್ಲಿ ಡಬ್ಲ್ಯೂ-ಅನ್‌ರೀಚಬಲ್-ಕೋಡ್ ಇದೆ’ ಎಂದರು ಅಲ್ಲಿದ್ದ ಇಂಜಿನಿಯರ್. ಮೇಕ್‌ಫೈಲ್ ತೆರೆದು ತೋರಿಸಿದರು. ನಿಜ, ಡಬ್ಲ್ಯೂ-ಆಲ್, ಡಬ್ಲ್ಯೂ-ಎಕ್ಸ್‌ಟ್ರಾ ಆದಮೇಲೆ ಮೂರನೆಯದಾಗಿ ಅದೇ ಇತ್ತು.

ಅಲ್ಲೇ ಕೂತು ನಾಲ್ಕು ಸಾಲಿನ ಒಂದು ಫೈಲ್ ಬರೆದೆವು: ಮೇನ್ ಫಂಕ್ಷನ್, ಅದರೊಳಗೆ ಮೊದಲು ರಿಟರ್ನ್ ಸೊನ್ನೆ, ಅದರ ಕೆಳಗೆ ತೆರೆಯ ಮೇಲೆ ಪಠ್ಯ ಬರೆಯುವ ಒಂದು ಪುಟ್ಸ್. ಆ ಮೂರೂ ಫ್ಲ್ಯಾಗ್ ಕೊಟ್ಟು ಜಿಸಿಸಿ ಓಡಿಸಿದೆವು. ಒಂದು ಅಕ್ಷರವೂ ಬರಲಿಲ್ಲ, ಪ್ರಾಂಪ್ಟ್ ಸುಮ್ಮನೆ ಕೆಳಗಿನ ಸಾಲಿಗೆ ಇಳಿಯಿತು. ಅವರು ಮ್ಯಾನುಯಲ್‌ನಲ್ಲಿ ಹುಡುಕಿದರು, ಆ ಹೆಸರಿನ ನಮೂದೇ ಸಿಗಲಿಲ್ಲ. ಕೊನೆಗೆ ಜಿಸಿಸಿಗೆ ಹೆಲ್ಪ್-ಈಕ್ವಲ್ಸ್-ವಾರ್ನಿಂಗ್ಸ್ ಕೊಟ್ಟು, ಬಂದ ಉದ್ದನೆಯ ಪಟ್ಟಿಯನ್ನು ಗ್ರೆಪ್ ಮಾಡಿದಾಗ, ಅಂದರೆ ಪದ ಹುಡುಕುವ ಆಜ್ಞೆಗೆ ಕೊಟ್ಟಾಗ, ಒಂದೇ ಸಾಲು ಸಿಕ್ಕಿತು. ‘ಏನೂ ಮಾಡುವುದಿಲ್ಲ, ಹಳೆಯದರೊಂದಿಗೆ ಹೊಂದಿಕೆಗಾಗಿ ಉಳಿಸಿಕೊಳ್ಳಲಾಗಿದೆ’ ಎಂಬ ಅರ್ಥದ ಸಾಲು. ಆ ಇಂಜಿನಿಯರ್ ಮುಖ ನನಗೆ ಇನ್ನೂ ನೆನಪಿದೆ. ಅವರು ತಪ್ಪು ಮಾಡಿರಲಿಲ್ಲ. ಕಾವಲುಗಾರ ಇದ್ದಾನೆಂದು ನಂಬಿದ್ದ ಬಾಗಿಲಲ್ಲಿ ಯಾರೂ ಇರಲಿಲ್ಲ, ಅಷ್ಟೇ.

ಆ ಫ್ಲ್ಯಾಗ್‌ನ ಕಥೆ ಹೀಗಿದೆ. ತಲುಪಲಾಗದ ಕೋಡನ್ನು ಕಂಡುಹಿಡಿಯಲು ಅದು ಆಪ್ಟಿಮೈಜರ್ ಮೇಲೆ, ಅಂದರೆ ಕೋಡನ್ನು ಚುರುಕುಗೊಳಿಸುವ ಕಂಪೈಲರ್ ಭಾಗದ ಮೇಲೆ, ನಿಂತಿತ್ತು. ಜಿಸಿಸಿಯ ಆವೃತ್ತಿ ಬದಲಾದಂತೆ, ಆಪ್ಟಿಮೈಜೇಷನ್ ಮಟ್ಟ ಬದಲಾದಂತೆ ಬೇರೆ ಬೇರೆ ಸಾಲುಗಳ ಬಗ್ಗೆ ದೂರು ಹೇಳುತ್ತಿತ್ತು. ಇದನ್ನು ನಂಬುವ ಹಾಗಿಲ್ಲ ಎಂದು 2010ರ 4.5ನೇ ಆವೃತ್ತಿಯಲ್ಲಿ ಅದರ ಒಳಗಿನ ಕೆಲಸವನ್ನು ತೆಗೆದರು. ಹಳೆಯ ಮೇಕ್‌ಫೈಲ್‌ಗಳು ಮುರಿದು ಬೀಳಬಾರದೆಂದು ಹೆಸರನ್ನು ಮಾತ್ರ ಸ್ವೀಕರಿಸುತ್ತ ಬಂದರು. ಎರಡೂ ತೀರ್ಮಾನಗಳಿಗೆ ಒಳ್ಳೆಯ ಕಾರಣ ಇದೆ. ತಪ್ಪಿದ್ದು ಮೂರನೆಯದು. ಮ್ಯಾನುಯಲ್‌ನಿಂದ ಹೆಸರು ಹೋಯಿತು, ಕೊಟ್ಟಾಗ ಒಂದು ಮಾತೂ ಬರದಂತಾಯಿತು.

ಇದರ ಬೆಲೆ ಎಷ್ಟಾಗಬಹುದು ಎಂದು ಲೋಕಕ್ಕೆಲ್ಲ ಕಂಡದ್ದು 2014ರ ಫೆಬ್ರವರಿಯಲ್ಲಿ. ಜಾಲದ ಸಂಪರ್ಕವನ್ನು ಸುರಕ್ಷಿತವಾಗಿಡುವ ಆಪಲ್‌ನ ಟಿಎಲ್‌ಎಸ್ ಕೋಡ್‌ನಲ್ಲಿ ‘ಗೋಟು ಫೇಲ್’ ಎಂಬ ಸಾಲು ಎರಡು ಸಲ ಬಿದ್ದಿತ್ತು. ಎರಡನೆಯದು ಯಾವ ಷರತ್ತಿಗೂ ಒಳಪಡದೆ ನೇರ ಕೊನೆಗೆ ಹಾರುತ್ತಿತ್ತು, ಸಹಿ ಪರಿಶೀಲಿಸುವ ಸಾಲುಗಳು ತಲುಪಲಾಗದ ಕೋಡ್ ಆಗಿಬಿಟ್ಟವು. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್‌ನಲ್ಲಿ ಡಬ್ಲ್ಯೂ-ಅನ್‌ರೀಚಬಲ್-ಕೋಡ್ ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಡಬ್ಲ್ಯೂ-ಆಲ್ ಅದನ್ನು ತಾನಾಗಿ ಹಚ್ಚುವುದಿಲ್ಲ. ಜಿಸಿಸಿಯಲ್ಲಿ ಅದೇ ಹೆಸರು ಆಗಲೇ ಸುಮಾರು ನಾಲ್ಕು ವರ್ಷದಿಂದ ಖಾಲಿಯಾಗಿತ್ತು. ಒಂದೇ ಹೆಸರು, ಒಂದು ಕಂಪೈಲರ್‌ನಲ್ಲಿ ಜೀವಂತ, ಇನ್ನೊಂದರಲ್ಲಿ ಬರೀ ನೆರಳು. ಎರಡೂ ಕಂಪೈಲರ್‌ಗೆ ಒಂದೇ ಮೇಕ್‌ಫೈಲ್ ಇಟ್ಟುಕೊಂಡವರಿಗೆ ಇದನ್ನು ಯಾರು ಹೇಳಬೇಕು? ಮ್ಯಾನುಯಲ್ ಹೇಳಬೇಕು. ಜಿಸಿಸಿ 2016ರ 6ನೇ ಆವೃತ್ತಿಯಲ್ಲಿ ಡಬ್ಲ್ಯೂ-ಮಿಸ್‌ಲೀಡಿಂಗ್-ಇಂಡೆಂಟೇಷನ್ ತಂದು ಡಬ್ಲ್ಯೂ-ಆಲ್ ಒಳಗೇ ಇಟ್ಟಮೇಲೆ ಇಂಥ ಜೋಡಿ ಸಾಲುಗಳು ಬೇರೆ ದಾರಿಯಲ್ಲಿ ಸಿಕ್ಕಿಬೀಳತೊಡಗಿದವು.

ಈಗ ನಿಮ್ಮ ಹನ್ನೊಂದಕ್ಕೆ ಬರೋಣ. ‘ಡೆಪ್ರಿಕೇಟ್ ಆಗಿದೆ’ (ಇನ್ನು ಬಳಸಬೇಡಿ) ಎಂಬ ಒಂದು ಪದದಲ್ಲಿ ಅವನ್ನು ಮುಗಿಸಬೇಡಿ. ಆ ಪದದ ಒಳಗೆ ಬೇರೆ ಬೇರೆ ಸ್ಥಿತಿಗಳು ಅಡಗಿವೆ, ಓದುಗನಿಗೆ ಬೇಕಾಗಿರುವುದು ಅವುಗಳ ವ್ಯತ್ಯಾಸವೇ. ಇದನ್ನು ನಾನು ನೋಡಿದವರಲ್ಲಿ ಚೆನ್ನಾಗಿ ವಿಂಗಡಿಸಿದವರು ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಹಾಟ್‌ಸ್ಪಾಟ್ ವರ್ಚುವಲ್ ಮಷೀನ್‌ನ ತಂಡದವರು. ಅವರ ಸಿಎಂಎಸ್ ಗಾರ್ಬೇಜ್ ಕಲೆಕ್ಟರ್ (ಬಳಕೆ ಮುಗಿದ ಮೆಮೊರಿಯನ್ನು ಮರಳಿ ಪಡೆಯುವ ಭಾಗ) ಫ್ಲ್ಯಾಗನ್ನು ನೋಡಿ. 2017ರ ಜಾವಾ 9ರಲ್ಲಿ ಆ ಫ್ಲ್ಯಾಗ್ ಕೊಟ್ಟರೆ ಕೆಲಸ ನಡೆಯುತ್ತಿತ್ತು, ಜೊತೆಗೆ ‘9.0ರಲ್ಲಿ ಡೆಪ್ರಿಕೇಟ್ ಆಗಿದೆ, ಮುಂದೆ ತೆಗೆಯುವ ಸಂಭವ ಇದೆ’ ಎಂಬ ಸಂದೇಶ ಬರುತ್ತಿತ್ತು. 2020ರ ಮಾರ್ಚ್‌ನಲ್ಲಿ ಬಂದ ಜಾವಾ 14 ಅದನ್ನು ಸ್ವೀಕರಿಸಿ, ‘ಕಡೆಗಣಿಸುತ್ತಿದ್ದೇನೆ, 14.0ರಲ್ಲಿ ಬೆಂಬಲ ತೆಗೆಯಲಾಗಿದೆ’ ಎಂದು ಹೇಳಿ, ಬೇರೆ ಕಲೆಕ್ಟರ್ ಹಿಡಿದು ಮುಂದೆ ಹೋಗುತ್ತಿತ್ತು. ಅದೇ ವರ್ಷ ಸೆಪ್ಟೆಂಬರ್‌ನ ಜಾವಾ 15ರಲ್ಲಿ ಆ ಹೆಸರೇ ಗೊತ್ತಿಲ್ಲ ಎಂದು ವರ್ಚುವಲ್ ಮಷೀನ್ ಶುರುವಾಗಲು ಒಪ್ಪಲಿಲ್ಲ. ಮೂರು ಹಂತ, ಹಂತಕ್ಕೊಂದು ಹೆಸರು, ಹಂತಕ್ಕೊಂದು ಸಂದೇಶ. ಇದರಲ್ಲಿ ನನಗೆ ಬಹಳ ಇಷ್ಟವಾಗುವುದು ಸಂದೇಶದೊಳಗೇ ಆವೃತ್ತಿಯ ಸಂಖ್ಯೆ ಇರುವುದು. ರಾತ್ರಿ ಎರಡು ಗಂಟೆಗೆ ಲಾಗ್ ನೋಡುತ್ತಿರುವವನಿಗೆ ‘ಯಾವಾಗಿನಿಂದ’ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.

ನಿಮ್ಮ ಕಂಪೈಲರ್‌ನಲ್ಲಿ ಇವಕ್ಕೆ ನಾಲ್ಕನೆಯದೊಂದು ಸೇರಿದೆ: ಸ್ವೀಕರಿಸಿ, ಮಾತಾಡದೆ ಕಡೆಗಣಿಸುವುದು. ನಾಲ್ಕರಲ್ಲಿ ಅಪಾಯಕಾರಿ ಇದೇ. ಎರರ್ ಕೊಟ್ಟು ನಿಲ್ಲಿಸುವುದಾದರೂ ಪ್ರಾಮಾಣಿಕ. ನನ್ನ ಕೈಯಲ್ಲಿದ್ದರೆ ನಿಮ್ಮ ಹನ್ನೊಂದನ್ನೂ ಈ ಬಿಡುಗಡೆಯಲ್ಲೇ ‘ಕಡೆಗಣಿಸುತ್ತಿದ್ದೇನೆ’ ಎಂದು ಹೇಳಿಸುತ್ತೇನೆ. ನೀವು ಜಿಸಿಸಿಯ ಮೇಲೆ ನಿಂತಿರುವುದರಿಂದ ಇದಕ್ಕೆ ಹೊಸ ಕೋಡ್ ಬೇಕಿಲ್ಲ. ಆಯ್ಕೆಗಳನ್ನು ಘೋಷಿಸುವ ಆಪ್ಟ್ ಫೈಲ್‌ಗಳಲ್ಲಿ ‘ಇಗ್ನೋರ್’ ಎಂಬ ಗುಣದ ಬದಲು ‘ವಾರ್ನ್‌ರಿಮೂವ್ಡ್’ ಎಂದು ಹಾಕಿದರೆ ಆ ಫ್ಲ್ಯಾಗ್ ಬಳಸಿದಾಗಲೆಲ್ಲ ಒಂದು ವಾರ್ನಿಂಗ್ ಬರುತ್ತದೆ. ಇನ್ನೂ ಕೆಲಸ ಮಾಡುತ್ತಿರುವ, ಆದರೆ ಬಿಡಿಸಬೇಕಾದ ಫ್ಲ್ಯಾಗ್‌ಗೆ ‘ಡೆಪ್ರಿಕೇಟೆಡ್’ ಎಂಬ ಬೇರೆ ಗುಣ ಇದೆ. ಬರೀ ಹೆಸರು ಬದಲಾದವಕ್ಕೆ ‘ಏಲಿಯಾಸ್’ ಇದೆ. ಈ ವ್ಯತ್ಯಾಸಗಳನ್ನು ಕೋಡ್ ಈಗಾಗಲೇ ಬಲ್ಲದು. ಕೋಡ್‌ಗೆ ಗೊತ್ತಿರುವುದು ಓದುಗನಿಗೂ ಗೊತ್ತಾಗಲಿ.

ಮ್ಯಾನುಯಲ್‌ನಲ್ಲಿ ಬರೆದುಬಿಟ್ಟರೆ ಸಾಕಲ್ಲ, ಸಂದೇಶ ಯಾಕೆ ಎಂದು ನೀವು ಕೇಳಬಹುದು. ಗ್ನೂ ಗ್ರೆಪ್‌ನ ಕಥೆ ಇದಕ್ಕೆ ಉತ್ತರ. ಈಗ್ರೆಪ್, ಎಫ್‌ಗ್ರೆಪ್ ಎಂಬ ಎರಡು ಆಜ್ಞೆಗಳು 2007ರಿಂದಲೇ ಡೆಪ್ರಿಕೇಟ್ ಆಗಿದ್ದವು. ಗ್ರೆಪ್‌ಗೆ ದೊಡ್ಡ ಇ ಅಥವಾ ದೊಡ್ಡ ಎಫ್ ಕೊಡಿ ಎಂದು ಹೇಳಿಯೂ ಆಗಿತ್ತು. ಹದಿನೈದು ವರ್ಷ ಜನ ಆರಾಮಾಗಿ ಈಗ್ರೆಪ್ ಎಂದೇ ಬರೆಯುತ್ತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ 3.8ನೇ ಆವೃತ್ತಿ ಬಂದು, ಆಜ್ಞೆ ಓಡಿದಾಗಲೆಲ್ಲ ‘ಇದು ಹಳತಾಗಿದೆ, ಗ್ರೆಪ್ ದೊಡ್ಡ ಇ ಬಳಸಲಾಗುತ್ತಿದೆ’ ಎಂದು ಹೇಳತೊಡಗಿದಾಗಲೇ ಬಹಳಷ್ಟು ಮಂದಿಗೆ ವಿಷಯ ಮುಟ್ಟಿತು. ನಿಜ, ಎರರ್ ಸಾಲುಗಳಲ್ಲಿ ಏನೂ ಬರಬಾರದೆಂದು ಕಾಯುವ ಸ್ಕ್ರಿಪ್ಟ್‌ಗಳಿಗೆ ಅದರಿಂದ ತೊಂದರೆಯಾಗುತ್ತದೆ. ಆದ್ದರಿಂದ ಯಾವ ಬಿಡುಗಡೆಯಿಂದ ಸಂದೇಶ ಶುರುವಾಗುತ್ತದೆ ಎಂಬುದನ್ನೂ ಬಿಡುಗಡೆ ಟಿಪ್ಪಣಿಯಲ್ಲಿ ಮೇಲ್ಗಡೆಯೇ ಹೇಳಿ. ಮಾತು ಮತ್ತು ಬರಹ ಎರಡೂ ಒಟ್ಟಿಗೆ ಇರಬೇಕು. ಸಂದೇಶ ಬಳಕೆದಾರನನ್ನು ಕೈಹಿಡಿದು ಮ್ಯಾನುಯಲ್‌ಗೆ ಕರೆತರುತ್ತದೆ, ಬಂದವನಿಗೆ ಅಲ್ಲಿ ಊಟ ಇರಬೇಕು.

ಕೆಲಸ ನಿಲ್ಲಿಸಿದ ಫ್ಲ್ಯಾಗ್‌ಗೆ ನಮೂದು ಹೇಗಿರಬೇಕು? ಮೇಲಿನದನ್ನೇ ತೆಗೆದುಕೊಂಡು ನಾನಾದರೆ ಹೀಗೆ ಬರೆಯುತ್ತಿದ್ದೆ:

‘ಡಬ್ಲ್ಯೂ-ಅನ್‌ರೀಚಬಲ್-ಕೋಡ್. ಆವೃತ್ತಿ 4.5ರಿಂದ ಏನೂ ಮಾಡುವುದಿಲ್ಲ. ಕೊಟ್ಟರೆ ಸ್ವೀಕರಿಸಲಾಗುತ್ತದೆ, ಸಂದೇಶ ಬರುವುದಿಲ್ಲ, ಪರಿಶೀಲನೆಯೂ ನಡೆಯುವುದಿಲ್ಲ. ಫಲಿತಾಂಶ ಆಪ್ಟಿಮೈಜೇಷನ್ ಮಟ್ಟಕ್ಕೆ ತಕ್ಕಂತೆ ಬದಲಾಗುತ್ತಿದ್ದುದರಿಂದ ತೆಗೆಯಲಾಯಿತು. ಇದಕ್ಕೆ ಸಮನಾದ ಬೇರೆ ಫ್ಲ್ಯಾಗ್ ಈ ಕಂಪೈಲರ್‌ನಲ್ಲಿ ಇಲ್ಲ. ತಲುಪಲಾಗದ ಕೋಡನ್ನು ಹುಡುಕಬೇಕಿದ್ದರೆ ಕ್ಲ್ಯಾಂಗ್‌ನಲ್ಲಿ ಇದೇ ಹೆಸರಿನ ಫ್ಲ್ಯಾಗ್ ಬಳಸಿ. ಮೇಕ್‌ಫೈಲ್‌ನಿಂದ ಇದನ್ನು ತೆಗೆದರೆ ಯಾವ ವ್ಯತ್ಯಾಸವೂ ಆಗುವುದಿಲ್ಲ.’

ಆರೇಳು ಪುಟ್ಟ ವಾಕ್ಯ. ಕೊನೆಯ ವಾಕ್ಯವನ್ನು ದಯವಿಟ್ಟು ಬಿಡಬೇಡಿ. ಹಳೆಯ ಮೇಕ್‌ಫೈಲ್ ಮುಟ್ಟಲು ಎಲ್ಲರಿಗೂ ಭಯ. ‘ತೆಗೆದರೆ ಏನಾಗುತ್ತದೋ’ ಎಂಬ ಒಂದೇ ಭಯಕ್ಕೆ ಸತ್ತ ಫ್ಲ್ಯಾಗ್‌ಗಳು ಯೋಜನೆಯಿಂದ ಯೋಜನೆಗೆ ನಕಲಾಗುತ್ತ ಹೋಗುತ್ತವೆ. ಬರೆದವರೇ ‘ತೆಗೆಯಿರಿ, ಏನೂ ಆಗುವುದಿಲ್ಲ’ ಎಂದು ಮಾತು ಕೊಟ್ಟರೆ ಆ ಕೈ ನಡುಕ ನಿಲ್ಲುತ್ತದೆ.

‘ಬದಲಿಗೆ ಇದನ್ನು ಬಳಸಿ’ ಎನ್ನುವಾಗಲೂ ಎಚ್ಚರ ಬೇಕು. ಬರೀ ಹೆಸರು ಬದಲಾದದ್ದು ಬೇರೆ, ಕೆಲಸವೇ ಬೇರೆಯವರ ಕೈಗೆ ಹೋದದ್ದು ಬೇರೆ. ಡಬ್ಲ್ಯೂ-ಎಕ್ಸ್‌ಟ್ರಾಗೆ ಮೊದಲಿದ್ದ ಹೆಸರು ಒಂಟಿ ಡಬ್ಲ್ಯೂ. ಹೊಸ ಹೆಸರು ಹೆಚ್ಚು ಅರ್ಥ ಕೊಡುತ್ತದೆಂದು ಬದಲಾಯಿಸಿದರು, ಹಳೆಯದೂ ನಡೆಯುತ್ತದೆ, ಜಿಸಿಸಿ ಮ್ಯಾನುಯಲ್ ಇದನ್ನು ಎರಡೇ ವಾಕ್ಯದಲ್ಲಿ ಹೇಳಿಬಿಡುತ್ತದೆ. ಅಲ್ಲಿ ಅಷ್ಟು ಸಾಕು. ಆದರೆ ಮಡ್‌ಫ್ಲ್ಯಾಪ್ ನೋಡಿ. ಓಡುವಾಗ ಪಾಯಿಂಟರ್ ತಪ್ಪುಗಳನ್ನು ಹಿಡಿಯುತ್ತಿದ್ದ ಆ ವ್ಯವಸ್ಥೆಯನ್ನು 2014ರ 4.9ರಲ್ಲಿ ಪೂರ್ತಿ ತೆಗೆದರು, ಫ್ಲ್ಯಾಗ್‌ಗಳು ಮಾತ್ರ ಏನೂ ಮಾಡದೆ ಉಳಿದವು. ಅಂಥ ಕೆಲಸಕ್ಕೆ ಈಗ ಜನ ಹಿಡಿಯುವುದು ಅಡ್ರೆಸ್ ಸ್ಯಾನಿಟೈಜರ್. ಅದು ಬೇರೆ ಯಂತ್ರ, ಅದರ ಮೆಮೊರಿ ಲೆಕ್ಕ ಬೇರೆ, ಲಿಂಕ್ ಮಾಡುವ ಲೈಬ್ರರಿ ಬೇರೆ. ನಿಮ್ಮಂಥ ಚಿಕ್ಕ ಚಿಪ್‌ನಲ್ಲಿ ಅದು ಕೂರದೆಯೂ ಇರಬಹುದು. ಅಲ್ಲಿ ‘ಬದಲಿಗೆ ಇದು’ ಎಂದಷ್ಟೇ ಬರೆದರೆ ಓದುಗನನ್ನು ಅರ್ಧ ದಾರಿಯಲ್ಲಿ ಬಿಟ್ಟ ಹಾಗೆ. ಸಮಾನವೋ, ಹತ್ತಿರದ್ದೋ, ಏನೂ ಇಲ್ಲವೋ, ಮೂರರಲ್ಲಿ ಯಾವುದೆಂದು ಬಿಡಿಸಿ ಹೇಳಿ.

ನೋ ರೂಪದ ಬಗ್ಗೆ, ಅಂದರೆ ಒಂದು ವಾರ್ನಿಂಗ್ ಬೇಡವೆಂದು ಹೇಳುವ ರೂಪದ ಬಗ್ಗೆ ಒಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ಗೊತ್ತಿಲ್ಲದ ವಾರ್ನಿಂಗ್ ಹೆಸರು ಕೊಟ್ಟರೆ ಜಿಸಿಸಿ ತಕ್ಷಣ ದೂರುತ್ತದೆ. ಅದೇ ಹೆಸರನ್ನು ಡಬ್ಲ್ಯೂ-ನೋ ಎಂದು ಆರಂಭಿಸಿ ಕೊಟ್ಟರೆ ಸುಮ್ಮನಿರುತ್ತದೆ, ಕೋಡ್‌ನಲ್ಲಿ ಬೇರೆ ಏನಾದರೂ ದೂರು ಬಂದಾಗ ಮಾತ್ರ ‘ಈ ಆಯ್ಕೆ ಗೊತ್ತಿಲ್ಲ’ ಎಂದು ಜೊತೆಗೆ ಹೇಳುತ್ತದೆ. ಇದು ಬೇಕೆಂದೇ ಮಾಡಿದ್ದು. ಹೊಸ ವಾರ್ನಿಂಗನ್ನು ಆಫ್ ಮಾಡುವ ಸಾಲು ಹಳೆಯ ಕಂಪೈಲರ್‌ನಲ್ಲೂ ನಡೆಯಲಿ ಎಂಬ ಉದ್ದೇಶ ಅದಕ್ಕೆ. ಒಳ್ಳೆಯದೇ. ಆದರೆ ನೀವು ಒಂದು ಫ್ಲ್ಯಾಗನ್ನು ಬೇರುಸಹಿತ ಕಿತ್ತರೆ, ಅದರ ನೋ ರೂಪ ಬರೆದುಕೊಂಡ ಗ್ರಾಹಕನಿಗೆ ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ. ಒಂದು ದಿನ ಸಂಬಂಧವೇ ಇಲ್ಲದ ಫೈಲ್‌ನಲ್ಲಿ ಒಂದು ಸೆಮಿಕೋಲನ್ ಬಿಟ್ಟಾಗ ಎರಡು ಸಂದೇಶ ಬರುತ್ತದೆ, ಅವನು ಎರಡನೆಯದರ ಹಿಂದೆ ಓಡುತ್ತಾನೆ. ಕ್ಲ್ಯಾಂಗ್‌ನಲ್ಲಿ ಇದರ ನಡತೆ ಬೇರೆ: ಅಲ್ಲಿ ಗೊತ್ತಿಲ್ಲದ ವಾರ್ನಿಂಗ್ ಹೆಸರಿಗೆಂದೇ ಒಂದು ವಾರ್ನಿಂಗ್ ಇದೆ, ಡಬ್ಲ್ಯೂ-ಎರರ್ ಜೊತೆ ಸೇರಿದರೆ ಬಿಲ್ಡ್ ನಿಂತೇ ಹೋಗುತ್ತದೆ. ನಿಮ್ಮ ಅಧ್ಯಾಯದ ಮೊದಲ ಪುಟದಲ್ಲೇ ಇದಕ್ಕೆ ಒಂದು ಪ್ಯಾರಾ ಇಡಿ.

ಜೀವಂತ ಫ್ಲ್ಯಾಗ್‌ಗಳಿಗೆ ಒಂದೊಂದು ಸಾಲು ಸಾಕೇ? ಹೆಲ್ಪ್ ಪಟ್ಟಿಗೆ ಸಾಕು. ಅಲ್ಲಿ ಒಂದು ಸಾಲೇ ಸರಿ. ಮ್ಯಾನುಯಲ್‌ಗೆ ಬರುವವನು ಆ ಸಾಲನ್ನು ಓದಿಯೇ, ಅದು ಸಾಲದೆಯೇ ಬಂದಿರುತ್ತಾನೆ. ಮತ್ತೆ ಅದನ್ನೇ ಅವನ ಮುಂದಿಡಬೇಡಿ.

ಉದಾಹರಣೆಗೆ, ಇಂಟರಪ್ಟ್ ಹ್ಯಾಂಡ್ಲರ್‌ನ (ಮುಖ್ಯ ಪ್ರೋಗ್ರಾಂ ತಡೆದು ನಡುವೆ ಓಡುವ ಫಂಕ್ಷನ್‌ನ) ಒಳಗಿನಿಂದ ಫ್ಲೋಟಿಂಗ್ ಪಾಯಿಂಟ್ ಬಳಸುವ ಫಂಕ್ಷನ್ ಕರೆದರೆ ಎಚ್ಚರಿಸುವ ಫ್ಲ್ಯಾಗ್ ಒಂದು ನಿಮ್ಮಲ್ಲಿದೆ ಅಂದುಕೊಳ್ಳಿ. ‘ಹ್ಯಾಂಡ್ಲರ್‌ನಲ್ಲಿ ಅನುಮಾನಾಸ್ಪದ ಕರೆಗಳಿದ್ದರೆ ಎಚ್ಚರಿಸುತ್ತದೆ’ ಎಂದು ಬರೆದರೆ ಓದಿದವನಿಗೆ ಏನು ಸಿಕ್ಕಿತು? ಯಾವುದು ಅನುಮಾನಾಸ್ಪದ ಎಂದು ಅವನಿಗೆ ಗೊತ್ತಾಗಬೇಕು. ಎಚ್ಚರಿಕೆ ಬರುವ ನಾಲ್ಕು ಸಾಲಿನ ಕೋಡ್ ಕೊಡಿ. ಅದರ ಪಕ್ಕದಲ್ಲೇ, ನೋಡಲು ಅದರಂತೆಯೇ ಇದ್ದೂ ಎಚ್ಚರಿಕೆ ಬರದ ಕೋಡ್ ಕೊಡಿ. ಫಂಕ್ಷನ್ ಪಾಯಿಂಟರ್ ಮೂಲಕ ಕರೆದರೆ ಹಿಡಿಯುವುದಿಲ್ಲ ಎಂದಾದರೆ ಹಾಗೆಂದೇ ಬರೆಯಿರಿ. ಇದರಿಂದ ನಮ್ಮ ಕಂಪೈಲರ್‌ನ ಮರ್ಯಾದೆ ಹೋಗುತ್ತದೆ ಎಂದು ಕೆಲವರು ಅಳುಕುತ್ತಾರೆ. ಆದರೆ ಯಾವುದನ್ನು ಹಿಡಿಯುವುದಿಲ್ಲ ಎಂದು ಹೇಳಿದ ಪುಸ್ತಕವನ್ನೇ ಜನ ನಂಬುವುದು. ಆಮೇಲೆ, ಇದು ಯಾಕೆ ಅಪಾಯ: ಹ್ಯಾಂಡ್ಲರ್‌ಗೆ ಬರುವಾಗ ಫ್ಲೋಟಿಂಗ್ ರಿಜಿಸ್ಟರ್‌ಗಳನ್ನು ಉಳಿಸಿಟ್ಟಿರುವುದಿಲ್ಲ, ಮುಖ್ಯ ಪ್ರೋಗ್ರಾಂನ ಲೆಕ್ಕ ನಡುವೆಯೇ ಕೆಡುತ್ತದೆ. ಕೊನೆಯಲ್ಲಿ, ‘ಗೊತ್ತಿದ್ದೇ ಮಾಡಿದ್ದೇನೆ’ ಎನ್ನುವವನು ಕೋಡ್‌ನೊಳಗೇ ಅದನ್ನು ಹೇಗೆ ಹೇಳಬೇಕು ಎಂಬುದು.

ಈ ಕೊನೆಯದು ಇಲ್ಲದಿದ್ದರೆ ಏನಾಗುತ್ತದೆ ಎಂದು ನಾನು ಎಷ್ಟೋ ಕಡೆ ನೋಡಿದ್ದೇನೆ. ಒಂದು ಜಾಗದಲ್ಲಿ ಬಾಯಿ ಮುಚ್ಚಿಸುವ ದಾರಿ ಗೊತ್ತಾಗದೆ ಜನ ಇಡೀ ಯೋಜನೆಗೇ ನೋ ರೂಪ ಹಾಕಿಬಿಡುತ್ತಾರೆ. ಒಂದು ಸೊಳ್ಳೆಗೆ ಹೆದರಿ ಮನೆಯ ಕಿಟಕಿಗಳನ್ನೆಲ್ಲ ಮೊಳೆ ಹೊಡೆದು ಮುಚ್ಚಿದ ಹಾಗೆ.

ಇದಕ್ಕೆ ಮಾದರಿ ಬೇಕಿದ್ದರೆ ಜಿಸಿಸಿ ಮ್ಯಾನುಯಲ್‌ನಲ್ಲಿ ಡಬ್ಲ್ಯೂ-ಇಂಪ್ಲಿಸಿಟ್-ಫಾಲ್‌ಥ್ರೂ ನಮೂದನ್ನು ಓದಿ. 2017ರ 7ನೇ ಆವೃತ್ತಿಯಲ್ಲಿ ಬಂದದ್ದು. ಸ್ವಿಚ್‌ನ ಒಂದು ಕೇಸ್‌ನಿಂದ ಬ್ರೇಕ್ ಇಲ್ಲದೆ ಮುಂದಿನ ಕೇಸ್‌ಗೆ ಜಾರಿದರೆ ಹೇಳುತ್ತದೆ. ಅಲ್ಲಿ ಮೊದಲು ಕೋಡ್ ಇದೆ, ಯಾವ ಸಾಲಿಗೆ ಎಚ್ಚರಿಕೆ ಎಂದು ಕಾಣುತ್ತದೆ. ಕೊನೆಯ ಸಾಲು ರಿಟರ್ನ್ ಆಗಿದ್ದರೆ, ಅಥವಾ ಮರಳಿ ಬಾರದ ಫಂಕ್ಷನ್ ಕರೆದಿದ್ದರೆ ಯಾಕೆ ಎಚ್ಚರಿಸುವುದಿಲ್ಲ ಎಂದು ಇದೆ. ಬೇಕೆಂದೇ ಜಾರಿಸಿದವರು ಫಾಲ್‌ಥ್ರೂ ಆಟ್ರಿಬ್ಯೂಟ್ ಹೇಗೆ ಹಾಕಬೇಕು, ಸಿ++17ರಲ್ಲಿ ಅದರ ರೂಪ ಏನು ಎಂದು ಇದೆ. ಸೊನ್ನೆಯಿಂದ ಐದರವರೆಗೆ ಮಟ್ಟಗಳಿವೆ. ಒಂದನೇ ಮಟ್ಟಕ್ಕೆ ಯಾವ ಕಾಮೆಂಟ್ ಇದ್ದರೂ ಸಮಾಧಾನ, ಸಾಮಾನ್ಯವಾಗಿ ಸಿಗುವ ಮೂರನೆಯದಕ್ಕೆ ‘ಫಾಲ್ ಥ್ರೂ’ ಎಂಬಂಥ ಮಾತು ಇರುವ ಕಾಮೆಂಟ್ ಬೇಕು, ಐದನೆಯದು ಕಾಮೆಂಟನ್ನು ಕೇಳುವುದೇ ಇಲ್ಲ, ಆಟ್ರಿಬ್ಯೂಟ್ ಒಂದೇ ಒಪ್ಪುತ್ತದೆ. ಒಪ್ಪುವ ಕಾಮೆಂಟ್‌ಗಳ ರೂಪವನ್ನು ಅಕ್ಷರಕ್ಕಕ್ಷರ ಕೊಟ್ಟಿದ್ದಾರೆ. ಯಾವ ಗುಂಪು ಇದನ್ನು ಹಚ್ಚುತ್ತದೆ ಎಂಬುದೂ ಇದೆ: ಡಬ್ಲ್ಯೂ-ಎಕ್ಸ್‌ಟ್ರಾ. ಓದಿ ಮುಗಿಸಿದವನಿಗೆ ಬೇರೆ ಎಲ್ಲೂ ಹೋಗಬೇಕಾಗಿಲ್ಲ.

ಗುಂಪಿನ ಮಾತು ಬಂತು. ಡಬ್ಲ್ಯೂ-ಆಲ್ ಎಂದರೆ ‘ಎಲ್ಲವೂ’ ಅಲ್ಲ ಎಂಬುದನ್ನು ಹೊಸಬರಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ. ಹೆಸರೇ ದಾರಿ ತಪ್ಪಿಸುತ್ತದೆ, ಅದನ್ನು ಈಗ ಬದಲಾಯಿಸಲು ಆಗದು. ಹಾಗಾಗಿ ನಿಮ್ಮ ನಲವತ್ತರಲ್ಲಿ ಪ್ರತಿಯೊಂದಕ್ಕೂ, ಯಾವ ಗುಂಪು ಹಚ್ಚುತ್ತದೆ, ಯಾವ ಬಿಡುಗಡೆಯಿಂದ ಹಚ್ಚುತ್ತದೆ ಎಂದು ಬರೆಯಿರಿ. ಈ ಎರಡನೆಯದು ಜಿಸಿಸಿ ಮ್ಯಾನುಯಲ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಬಿಡುಗಡೆ ಟಿಪ್ಪಣಿಗಳಲ್ಲಿ ಹುಡುಕಬೇಕು. ಅದೊಂದು ಕೊರತೆ ಎಂದೇ ನನ್ನ ಭಾವನೆ. ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್‌ನ ಕೈಪಿಡಿಯಲ್ಲಿ ಫ್ಲ್ಯಾಗ್ ಪಕ್ಕದಲ್ಲೇ ‘ಈ ಆವೃತ್ತಿಯಿಂದ’ ಎಂದು ನಮೂದಿಸುವ ಪದ್ಧತಿ ಇದೆ, ಅದನ್ನು ಅನುಸರಿಸಿ. ಡಬ್ಲ್ಯೂ-ಎರರ್ ಹಾಕಿಕೊಂಡ ಗ್ರಾಹಕನಿಗೆ ಹೊಸ ಕಂಪೈಲರ್ ಹಾಕಿದ ದಿನ ಬಿಲ್ಡ್ ಯಾಕೆ ಮುರಿಯಿತು ಎಂಬುದಕ್ಕೆ ಉತ್ತರ ಆ ಸಂಖ್ಯೆಯಲ್ಲೇ ಇರುತ್ತದೆ.

ಆಪ್ಟಿಮೈಜೇಷನ್ ಮಟ್ಟದ ಅವಲಂಬನೆಯನ್ನೂ ಮುಚ್ಚಿಡಬೇಡಿ. ಡಬ್ಲ್ಯೂ-ಅರೇ-ಬೌಂಡ್ಸ್ ನಮೂದಿನಲ್ಲಿ ಜಿಸಿಸಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ, ಅದು ಹೆಚ್ಚು ಚೆನ್ನಾಗಿ ಕೆಲಸ ಮಾಡುವುದು ಓ-2 ಮಟ್ಟದಲ್ಲಿ ತಾನಾಗಿ ಹತ್ತುವ ಒಂದು ಆಪ್ಟಿಮೈಜೇಷನ್ ಇದ್ದಾಗ. ಡೀಬಗ್ ಬಿಲ್ಡ್‌ನಲ್ಲಿ ಆಪ್ಟಿಮೈಜೇಷನ್ ಇಲ್ಲದ ಓ-0 ಇಟ್ಟು ‘ವಾರ್ನಿಂಗ್ ಸೊನ್ನೆ’ ಎಂದು ಸಂತೋಷಪಡುವವರಿಗೆ ಈ ವಾಕ್ಯ ಕಣ್ಣಿಗೆ ಬೀಳಲೇಬೇಕು.

ಇನ್ನೊಂದು ಬಗೆಯ ಬದಲಾವಣೆ ಇದೆ, ಅದು ಫ್ಲ್ಯಾಗ್‌ಗಳ ಪಟ್ಟಿ ನೋಡಿದರೆ ಕಾಣುವುದೇ ಇಲ್ಲ. ಹೆಸರು ಹಾಗೇ ಇರುತ್ತದೆ, ತೂಕ ಬದಲಾಗಿರುತ್ತದೆ. ಘೋಷಿಸದ ಫಂಕ್ಷನ್ ಕರೆಯುವುದನ್ನು ಸಿ ಭಾಷೆಯ 1999ರ ಮಾನದಂಡವೇ ತೆಗೆದುಹಾಕಿತ್ತು. ಜಿಸಿಸಿ 2015ರ 5ನೇ ಆವೃತ್ತಿಯಲ್ಲಿ ತನ್ನ ಮೂಲ ಭಾಷಾ ಆವೃತ್ತಿಯನ್ನು ಸಿ11ರ ಗ್ನೂ ರೂಪಕ್ಕೆ ಏರಿಸಿದಾಗ ಅದರ ವಾರ್ನಿಂಗ್ ಎಲ್ಲರಿಗೂ ತಾನಾಗಿ ಬರತೊಡಗಿತು. 2023ರಲ್ಲಿ ಕ್ಲ್ಯಾಂಗ್ 16, 2024ರಲ್ಲಿ ಜಿಸಿಸಿ 14 ಅದನ್ನು ನೇರ ಎರರ್ ಮಾಡಿದವು. ಜಿಸಿಸಿ 14ರ ಜೊತೆ ಬಂದ ಪೋರ್ಟಿಂಗ್ ಮಾರ್ಗದರ್ಶಿಯನ್ನು ನೀವು ಕೂತು ಓದಬೇಕು. ಪ್ರತಿ ಎರರ್‌ಗೂ ಹಳೆಯ ಕೋಡ್ ಹೇಗಿರುತ್ತದೆ, ಹೇಗೆ ತಿದ್ದಬೇಕು, ತಿದ್ದಲು ಸಮಯ ಇಲ್ಲದವರು ಎಫ್-ಪರ್ಮಿಸಿವ್ ಕೊಟ್ಟು ಮತ್ತೆ ವಾರ್ನಿಂಗ್ ಮಟ್ಟಕ್ಕೆ ಇಳಿಸುವುದು ಹೇಗೆ ಎಂದೆಲ್ಲ ಹೇಳಿದ್ದಾರೆ. ನನಗೆ ಅದರಲ್ಲಿ ತುಂಬ ಮೆಚ್ಚುಗೆಯಾದದ್ದು, ಬಿಲ್ಡ್‌ಗೆ ಮುಂಚೆ ಓಡುವ ಕಾನ್ಫಿಗರ್ ಸ್ಕ್ರಿಪ್ಟ್ ತಯಾರಿಸುವ ಆಟೋಕಾನ್ಫ್ ಬಗ್ಗೆ ಬರೆದ ಭಾಗ. ಕಾನ್ಫಿಗರ್ ಸ್ಕ್ರಿಪ್ಟ್ ‘ಈ ಫಂಕ್ಷನ್ ಇದೆಯೇ’ ಎಂದು ನೋಡಲು ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡುತ್ತದೆ. ಆ ಪುಟ್ಟ ಪ್ರೋಗ್ರಾಂನಲ್ಲೇ ಹೆಡರ್ ಬಿಟ್ಟುಹೋಗಿದ್ದರೆ ಈಗ ಅದು ಕಂಪೈಲ್ ಆಗುವುದಿಲ್ಲ, ಸ್ಕ್ರಿಪ್ಟ್ ‘ಇಲ್ಲ’ ಎಂದು ಬರೆದುಕೊಂಡು ಮುಂದೆ ಹೋಗುತ್ತದೆ. ಬಿಲ್ಡ್ ಯಶಸ್ವಿ, ಆದರೆ ಒಂದು ಸೌಲಭ್ಯ ಕಾಣೆ. ಸದ್ದಿಲ್ಲದೆ ಆಗುವ ಈ ನಷ್ಟವನ್ನು ಮುಂಚೆಯೇ ಊಹಿಸಿ ಬರೆದಿದ್ದಾರಲ್ಲ, ದಾಖಲೆ ಬರೆಯುವವರಿಗೆ ಇರಬೇಕಾದ ಕಾಳಜಿ ಅದು.

ಕೊನೆಯದಾಗಿ, ಇದೆಲ್ಲ ಮುಂದಿನ ಬಿಡುಗಡೆಗೆ ಮತ್ತೆ ಹಳಸದಂತೆ ನೋಡಿಕೊಳ್ಳುವುದು. ಕ್ಲ್ಯಾಂಗ್‌ನವರು ತಮ್ಮ ವಾರ್ನಿಂಗ್ ಪಟ್ಟಿಯನ್ನು ಕೋಡ್‌ನಿಂದಲೇ ತಯಾರಿಸುತ್ತಾರೆ, ಒಂದೂ ತಪ್ಪುವುದಿಲ್ಲ, ಯಾವ ಗುಂಪಿನಲ್ಲಿ ಯಾವುದಿದೆ ಎಂಬುದು ಯಾವಾಗಲೂ ಸರಿ. ಆದರೆ ಬಹಳಷ್ಟು ನಮೂದುಗಳಲ್ಲಿ ಸಂದೇಶದ ಪಠ್ಯ ಬಿಟ್ಟರೆ ವಿವರಣೆ ಇಲ್ಲ. ಜಿಸಿಸಿಯವರು ಕೈಯಿಂದ ಬರೆಯುತ್ತಾರೆ, ವಿವರಣೆ ಸೊಗಸು, ಆದರೆ ಕೋಡ್ ಮತ್ತು ಪುಸ್ತಕದ ನಡುವೆ ಬಿರುಕು ಬಿಡುವ ಅಪಾಯ ಸದಾ ಇದೆ. ನಿಮ್ಮದು ಚಿಕ್ಕ ತಂಡ, ಕೈಯಿಂದಲೇ ಬರೆಯಿರಿ. ಬಿರುಕನ್ನು ಹಿಡಿಯಲು ಒಂದು ಸ್ಕ್ರಿಪ್ಟ್ ಸಾಕು: ಆಪ್ಟ್ ಫೈಲ್‌ಗಳಲ್ಲಿರುವ ಹೆಸರುಗಳನ್ನು ತೆಗೆ, ಮ್ಯಾನುಯಲ್‌ನ ಹೆಸರುಗಳನ್ನು ತೆಗೆ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದಿದ್ದರೆ ಬಿಲ್ಡ್ ನಿಲ್ಲಿಸು. ‘ಇಗ್ನೋರ್’ ಗುಣ ಇರುವ ಹೆಸರುಗಳನ್ನೂ ಇದರಲ್ಲಿ ಸೇರಿಸಿ, ಆಗ ಹನ್ನೊಂದು ಹೆಸರು ಮತ್ತೆಂದೂ ಕಾಣೆಯಾಗುವುದಿಲ್ಲ. ಮ್ಯಾನುಯಲ್‌ನಲ್ಲಿರುವ ಪ್ರತಿ ಉದಾಹರಣೆ ಕೋಡನ್ನೂ ಟೆಸ್ಟ್ ಆಗಿ ಓಡಿಸಲು ಆದರೆ ಇನ್ನೂ ಒಳ್ಳೆಯದು. ‘ಇಲ್ಲಿ ಎಚ್ಚರಿಕೆ ಬರುತ್ತದೆ’ ಎಂದು ಬರೆದ ಕಡೆ ಬರಲೇಬೇಕು.

ಜಿಸಿಸಿ 10ರಿಂದ ಈಚೆಗೆ, ಬೆಂಬಲಿಸುವ ಟರ್ಮಿನಲ್‌ನಲ್ಲಿ, ಸಂದೇಶದ ಕೊನೆಯ ಚೌಕ ಆವರಣದಲ್ಲಿರುವ ಫ್ಲ್ಯಾಗ್ ಹೆಸರೇ ಲಿಂಕ್ ಆಗಿ ಅದರ ನಮೂದಿಗೆ ಕರೆದೊಯ್ಯುತ್ತದೆ. ನಿಮ್ಮ ಸ್ವಂತ ಫ್ಲ್ಯಾಗ್‌ಗಳಿಗೆ ಆ ಲಿಂಕ್ ನಿಮ್ಮ ಮ್ಯಾನುಯಲ್‌ಗೇ ಹೋಗುವಂತೆ ಮಾಡಿಕೊಳ್ಳಿ.

ಎಲ್ಲಿಂದ ಶುರು ಮಾಡಬೇಕು ಎಂದರೆ, ಆ ಹನ್ನೊಂದರಿಂದಲೇ. ಬದುಕಿರುವ ಉಳಿದವು ಕಾಯಬಲ್ಲವು, ಅವು ಕನಿಷ್ಠ ತಮ್ಮ ಕೆಲಸವನ್ನಾದರೂ ಮಾಡುತ್ತಿವೆ. ಹನ್ನೊಂದನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಯಾವ ಬಿಡುಗಡೆಯಲ್ಲಿ ನಿಂತಿತು, ಯಾಕೆ, ಬದಲಿ ಇದೆಯೇ ಎಂದು ವರ್ಷನ್ ಕಂಟ್ರೋಲ್ ಇತಿಹಾಸದಿಂದ ತುಂಬಿ. ಆ ಹಾಳೆ ಹಿಡಿದು ನಿಮ್ಮ ಸೀನಿಯರ್ ಬಳಿ ಹೋಗಿ. ಅದರ ಜೊತೆಗೆ ಗ್ರಾಹಕರೊಬ್ಬರ ನಿಜವಾದ ಮೇಕ್‌ಫೈಲ್ ಒಂದನ್ನೂ ತೆಗೆದುಕೊಂಡು ಹೋಗಿ, ಹನ್ನೊಂದರಲ್ಲಿ ಎಷ್ಟು ಇನ್ನೂ ಅದರಲ್ಲಿವೆ ಎಂದು ಇಬ್ಬರೂ ಕೂತು ಎಣಿಸಿ.